ಪಾದ ನೋಡುವ ಹೊತ್ತು



ಕಾಯಿಲೆಯ ನಡುವೆ ಕಾಣುವ ಒಳಿತಿನ ಬಗ್ಗೆ ಮಾತನಾಡಿ ಎಂದು ಕರೆದಿದ್ದೀರಿ. ನಾನು ಸಕ್ಕರೆ ಕಾಯಿಲೆಯವನು. ಬಹಳ ವರ್ಷ ಮಾತ್ರೆಯಲ್ಲಿ ಕಳೆಯಿತು, ಈಗ ಇನ್ಸುಲಿನ್. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಕಾಯಿಲೆಯನ್ನು ವರ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಔಷಧಿಗೆ ಕಾಸಿಲ್ಲದವರ ಮುಂದೆ ಹಾಗೆ ಹೇಳುವುದು ಕ್ರೌರ್ಯ. ನಾನು ಕಂಡ ಒಳಿತು ಕಾಯಿಲೆ ಕೊಟ್ಟದ್ದಲ್ಲ. ಕಾಯಿಲೆ ಬಂದ ಮೇಲೆ ಮನೆಮಂದಿ ಒಬ್ಬರನ್ನೊಬ್ಬರು ನೋಡಿಕೊಳ್ಳಲು ಕಲಿತರಲ್ಲ, ಅದು ಕೊಟ್ಟದ್ದು.

ನಮ್ಮ ಮಂಡ್ಯ ಸಕ್ಕರೆ ನಾಡು. ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮಳೆ ನೋಡಿಕೊಂಡು ರಾಗಿ ಬಿತ್ತುತ್ತಿದ್ದ ಹೊಲಗಳು ಭತ್ತದ, ಕಬ್ಬಿನ ಗದ್ದೆಗಳಾದವು. ಕಬ್ಬು ಬೆಳೆದದ್ದರಿಂದಲೇ ಈ ಕಾಯಿಲೆ ಬಂತೆಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ತಟ್ಟೆಯಲ್ಲಿ ಅನ್ನ ಹೆಚ್ಚಿತು, ಟಿಲ್ಲರು ಬೈಕುಗಳು ಬಂದು ಮೈ ದುಡಿಮೆ ತಗ್ಗಿತು, ವಂಶದಲ್ಲಿ ಇದ್ದದ್ದೂ ಸೇರಿಕೊಂಡಿತು. ಇದು ಮಂಡ್ಯದ ಪಾಡು ಮಾತ್ರವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ.

ನೆಂಟರ ಮನೆಯಲ್ಲಿ ಕಾಫಿ ಬೇಡವೆಂದರೆ, “ನಮ್ಮ ಆಲೆಮನೆ ಬೆಲ್ಲ ಕನಣ್ಣ, ಏನೂ ಆಗಾಕಿಲ್ಲ” ಎನ್ನುತ್ತಾರೆ. ಪ್ರೀತಿಯ ಮಾತೇ, ಆದರೆ ನಿಜವಲ್ಲ. ಬೆಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಮುದ್ದೆ ಒಳ್ಳೆಯದೇ, ಹಾಗೆಂದು ಎರಡರ ಜಾಗದಲ್ಲಿ ಮೂರು ಉಂಡರೆ ಅದೂ ಏರಿಸುತ್ತದೆ.

ಇನ್ನು ಪಾದದ ವಿಷಯಕ್ಕೆ ಬರುತ್ತೇನೆ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಸಕ್ಕರೆ ಹಲವು ವರ್ಷ ಹತೋಟಿಗೆ ಬಾರದಿದ್ದರೆ ಕಾಲಿನ ನರಗಳು ಸೋಲುತ್ತವೆ. ಬರಿಗಾಲಲ್ಲಿ ಗದ್ದೆಗಿಳಿದವನಿಗೆ ಕಬ್ಬಿನ ಕೂಳೆ ಚುಚ್ಚಿದರೂ ಗೊತ್ತಾಗುವುದಿಲ್ಲ. ನೋವಿಲ್ಲದ್ದರಿಂದ ಅದೇ ಕಾಲಲ್ಲಿ ನಡೆಯುತ್ತಾನೆ, ಗಾಯ ಕೀವಾಗುತ್ತದೆ, ಕೊನೆಗೆ ಬೆರಳನ್ನೋ ಕಾಲನ್ನೋ ತೆಗೆಯಬೇಕಾಗುತ್ತದೆ. ಈ ತಿಳಿವಳಿಕೆಯ ಒಂದು ದಾರಿ ನಮ್ಮ ನೆರೆಯ ವೆಲ್ಲೂರಿನಿಂದ ಬಂದಿದೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಪಾಲ್ ಬ್ರ್ಯಾಂಡ್, ಆ ರೋಗಿಗಳ ಬೆರಳು ತಾವಾಗಿ ಕೊಳೆತು ಉದುರುವುದಿಲ್ಲ, ನೋವು ತಿಳಿಯದೆ ಆದ ಗಾಯಗಳಿಂದ ಸವೆಯುತ್ತವೆ ಎಂದು ತೋರಿಸಿದರು. ಮುಂದೆ ಅಮೆರಿಕಕ್ಕೆ ಹೋದಾಗ ಅದೇ ಪಾಠವನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಇಂದು ವೈದ್ಯರು ಬರೆದುಕೊಡುವ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲಾರ್ ರಬ್ಬರ್) ಚಪ್ಪಲಿಯನ್ನು ಮೊದಲು ಬಳಸಿದ್ದು ಕುಷ್ಠರೋಗಿಗಳಿಗಾಗಿ. ಸಮಾಜ ಊರಾಚೆ ಇಟ್ಟವರ ಸಂಕಟದಿಂದ ಬಂದ ವಿದ್ಯೆ ಇಂದು ನಮ್ಮೆಲ್ಲರ ಕಾಲು ಕಾಯುತ್ತಿದೆ. ನಾವು ಅವರಿಗೆ ಋಣಿಗಳು.

ನನ್ನ ಅಂಗಾಲನ್ನು ನಾನೇ ನೋಡಿಕೊಳ್ಳುವುದು ವಯಸ್ಸಾದಂತೆ ಕಷ್ಟವಾಯಿತು. ಬೆನ್ನು ಬಾಗದು, ಕಣ್ಣು ಮಂಜು. ಹಾಗಾಗಿ ರಾತ್ರಿ ಊಟವಾದ ಮೇಲೆ ಮನೆಯವಳು ಟಾರ್ಚ್ ಹಿಡಿದು ಬೆರಳ ಸಂದು, ಹಿಮ್ಮಡಿ ನೋಡತೊಡಗಿದಳು. ಆಮೇಲೆ ಅವಳಿಗೂ ಶುಗರ್ ಬಂತು. ಈಗ ಅವಳ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ನಾನು ನೋಡುತ್ತೇನೆ. ಹಬ್ಬದ ದಿನ ಹೆಂಡತಿ ಗಂಡನ ಕಾಲು ಮುಟ್ಟಿ ನಮಸ್ಕರಿಸುವುದನ್ನೇ ನೋಡಿ ಬೆಳೆದವನು ನಾನು. ಮೊದಲ ದಿನ ಅವಳು ಸಂಕೋಚದಿಂದ ಕಾಲು ಎಳೆದುಕೊಂಡಳು. ಎಷ್ಟು ವರ್ಷ ಬರಿಗಾಲಲ್ಲಿ ನಡೆದ ಹಿಮ್ಮಡಿ ಅದು, ಎಷ್ಟು ಬಿರುಕು! ಇಡೀ ಸಂಸಾರದಲ್ಲಿ ನಾನು ಅದನ್ನು ನೋಡಿರಲೇ ಇಲ್ಲ. ಕಾಯಿಲೆಯ ದಿನಗಳಲ್ಲಿ ನನಗೆ ದಕ್ಕಿದ್ದು ಏನೆಂದು ಕೇಳಿದರೆ ನಾನು ಹೇಳುವುದು ಇದನ್ನೇ. ನಾಲೆ ಏರಿಯ ಮೇಲೆ ಬೆಳಗಿನ ನಡಿಗೆ, ಅಲ್ಲಿ ಸಿಕ್ಕ ಗೆಳೆಯರು, ಇವೆಲ್ಲ ಅದರ ನಂತರ.

ಆದರೆ ಇದೆಲ್ಲಕ್ಕಿಂತ ಮೊದಲು ಮದ್ದು ಬೇಕು. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುವವರೆಗೆ, ಈ ಕಾಯಿಲೆ ಬಂದ ಮಕ್ಕಳು ಕಣ್ಣೆದುರೇ ಕರಗಿ ಸಾಯುತ್ತಿದ್ದರು. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಜೊತೆಗಾರರು ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ನೂರು ವರ್ಷ ಕಳೆದ ಮೇಲೂ ಕೂಲಿಯವರ ಮನೆಯಲ್ಲಿ ತಿಂಗಳ ಕೊನೆಗೆ ಮಾತ್ರೆ ಮುಗಿದು ಹೋಗುತ್ತದೆ ಎಂದರೆ ಅದು ವಿಜ್ಞಾನದ ಸೋಲಲ್ಲ, ನಮ್ಮ ಸೋಲು. ಈ ಕಾಯಿಲೆಯವರಲ್ಲಿ ಖಿನ್ನತೆಯೂ ಹೆಚ್ಚು. ಅಂಥವರಿಗೆ “ಧೈರ್ಯವಾಗಿರಿ, ನಗುನಗುತ್ತಾ ಇರಿ” ಎಂದು ಹೇಳಿ ಎದ್ದು ಬರಬೇಡಿ. ಪಕ್ಕದಲ್ಲಿ ಕೂತು ಕೇಳಿ, ಬೇಕಾದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಮೂವತ್ತು ದಾಟಿದವರೆಲ್ಲ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಶುಗರ್ ಇದ್ದವರು ಚಪ್ಪಲಿಯಿಲ್ಲದೆ ಅಂಗಳಕ್ಕೂ ಇಳಿಯಬೇಡಿ. ಗಂಡಸರಿಗೆ ಇನ್ನೊಂದು ಮಾತು: ಇವತ್ತು ರಾತ್ರಿ ಮನೆಯಾಕೆಯ ಪಾದವನ್ನು ಬೆಳಕಿಗೆ ಹಿಡಿದು ನೋಡಿ. ಗಾಯ ಕಂಡರೆ ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.