ಒಂದು ಟವೆಲ್ಲು, ಒಂದು ದೇಶ, ಒಂದು ಲೆಕ್ಕ



ಅಂತಾರಾಷ್ಟ್ರೀಯ ವ್ಯಾಪಾರ ಅಂದ ಕೂಡಲೇ ಅದು ಎಂಬಿಎ ಓದಿದವರ ಮಾತು, ದೊಡ್ಡ ಊರಿನ ಆಫೀಸಿನವರ ಕೆಲಸ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಹೊರದೇಶಕ್ಕೆ ಹೋಗುವ ಸರಕು ಎಲ್ಲಿಯದು? ಸೊಲ್ಲಾಪುರದ ಟವೆಲ್ಲು, ಹೊಸೂರಿನ ಗುಲಾಬಿ, ಇವೆಲ್ಲ ನಮ್ಮ ಸೀಮೆಯವೇ. ನೇಯುವವರು, ಬೆಳೆಯುವವರು, ಲಾರಿಗೆ ತುಂಬುವವರು ನಾವು. ಯಾವ ದೇಶಕ್ಕೆ, ಯಾವ ಬೆಲೆಗೆ, ಯಾವ ಷರತ್ತಿಗೆ ಅನ್ನೋದನ್ನ ಮಾತ್ರ ಬೇರೆಯವರು ತೀರ್ಮಾನ ಮಾಡ್ತಾರೆ. ಆ ತೀರ್ಮಾನಕ್ಕೇ ಸ್ಟ್ರಾಟೆಜಿ ಅನ್ನೋದು. ಲಾಭ ಯಾರಿಗೆ ಎಷ್ಟು ಅಂತ ಗೊತ್ತಾಗೋದೂ ಅಲ್ಲೇ.

ಇದು ಓದಿ ಬರುವ ವಿದ್ಯೆ ಅಲ್ಲ, ಕೈಯಿಂದ ಮಾಡಿ ಕಲಿಯೋದು. ದುಡ್ಡು ಹಾಕುವ ಮೊದಲು ಕಾಗದದ ಮೇಲೆ ಮಾಡಿ ನೋಡಬಹುದು. ಇವತ್ತು ಸೊಲ್ಲಾಪುರದ ಟವೆಲ್ಲನ್ನೇ ಹಿಡಿದು ನೋಡೋಣ. ಅದಕ್ಕೆ ಜಿಐ ಟ್ಯಾಗ್ ಕೂಡ ಇದೆ.

ಮೊದಲ ಕೆಲಸ, ಸರಕಿನ ನಂಬರ್ ಹುಡುಕೋದು. ಜಗತ್ತಿನ ಪ್ರತಿ ಸರಕಿಗೂ ಎಚ್ಎಸ್ ಕೋಡ್ ಅಂತ 6 ಅಂಕಿಯ ಒಂದು ನಂಬರ್ ಇರುತ್ತೆ. ಹತ್ತಿಯ ಟರ್ಕಿ ಟವೆಲ್ಲಿಗೆ 630260. ಜಿನೀವಾದ ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರ್‌ನ ಟ್ರೇಡ್ ಮ್ಯಾಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ದೇಶ ಎಷ್ಟು ಕೊಳ್ಳುತ್ತೆ, ಯಾರಿಂದ ಕೊಳ್ಳುತ್ತೆ ಅಂತ ಕಾಣುತ್ತೆ. ಮೊಬೈಲ್ ಇದ್ದರೆ ಸಾಕು, ಇವತ್ತು ರಾತ್ರಿಯೇ ನೋಡಬಹುದು.

ಎರಡನೆಯದು, ಲೆಕ್ಕ. ಈ ಅಂಕಿಗಳು ಅಭ್ಯಾಸಕ್ಕೆ ಮಾತ್ರ. 1,000 ಟವೆಲ್ಲು, ಒಂದಕ್ಕೆ 120 ರೂಪಾಯಿ ಖರ್ಚು ಅಂತಿಟ್ಟುಕೊಳ್ಳಿ. ಪ್ಯಾಕಿಂಗು, ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನ ತನಕ ಲಾರಿ ಬಾಡಿಗೆ, ಕಸ್ಟಮ್ಸ್ ಏಜೆಂಟ್, ಎಲ್ಲ ಸೇರಿ 30,000. ಒಂದು ಟವೆಲ್ಲು 150ಕ್ಕೆ ಬಂದು ನಿಂತಿತು. ಕೊಳ್ಳುವವರು 2 ಡಾಲರ್ ಕೊಡ್ತಾರೆ. ಡಾಲರಿಗೆ 80 ರೂಪಾಯಿ ಅಂದ್ರೆ 160. ಒಟ್ಟು ಲಾಭ 10,000.

ಈಗ ಒಂದೊಂದೇ ಅಂಕಿ ಬದಲಿಸಿ. ಡಾಲರ್ 75 ಆಯ್ತು ಅಂದ್ರೆ ಕೈಗೆ ಬರೋದು 150, ಲಾಭ ಸೊನ್ನೆ. ಡಾಲರ್ 80ರಲ್ಲೇ ಇದೆ, ಆದರೆ ದುಡ್ಡು ಮೂರು ತಿಂಗಳ ನಂತರ ಬರುತ್ತೆ ಅಂದ್ಕೊಳ್ಳಿ. ವರ್ಷಕ್ಕೆ ಶೇ. 12ರ ಸಾಲ ತಂದು ಮಾಡಿದ್ದರೆ ಬಡ್ಡಿಯೇ 4,500, ಲಾಭ 5,500ಕ್ಕೆ ಇಳಿಯಿತು. ನೇಯ್ಗೆಯಲ್ಲಿ ಒಂದು ಎಳೆ ಹೆಚ್ಚುಕಮ್ಮಿ ಆಗಿಲ್ಲ, ಆದರೂ ಹತ್ತಿರ ಹತ್ತಿರ ಅರ್ಧ ಲಾಭ ಹೋಯ್ತು. ಯಾವಾಗ ದುಡ್ಡು ತಗೋಬೇಕು ಅನ್ನೋದು ಬೆಲೆಯಷ್ಟೇ ದೊಡ್ಡ ಮಾತು ಅಂತ ಆಗ ತಲೆಗೆ ಹೋಗುತ್ತೆ. ಕೊಳ್ಳುವವರು ದುಡ್ಡು ಕೊಡದೇ ಹೋದರೆ ಅನ್ನೋ ಭಯಕ್ಕೆ ವಿಮೆ ಕೊಡೋಕೆ ಕೇಂದ್ರ ಸರ್ಕಾರದ ಇಸಿಜಿಸಿ 1957ರಿಂದ ಇದೆ. ಅದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಮೂರನೆಯದು, ಷರತ್ತು. ಎಫ್ಒಬಿ ಅಂದ್ರೆ ಹಡಗಿಗೆ ಏರಿಸುವ ತನಕ ಖರ್ಚು, ಹೊಣೆ ಎರಡೂ ನಮ್ಮದು. ಸಿಐಎಫ್ ಅಂದ್ರೆ ಆ ಕಡೆಯ ಬಂದರಿನ ತನಕ ಹಡಗಿನ ಬಾಡಿಗೆ, ವಿಮೆ ನಮ್ಮದು. ಆದರೆ ಸರಕು ಹಡಗು ಏರಿದ ಮೇಲೆ ಹಾಳಾದರೆ ಆ ನಷ್ಟ ಕೊಂಡವರದ್ದು. ಈ ವ್ಯತ್ಯಾಸ ತಿಳಿಯದೆ ಸಹಿ ಹಾಕಿದರೆ ಜಗಳ ಗ್ಯಾರಂಟಿ.

ನಾಲ್ಕನೆಯದು, ದೇಶ ಆರಿಸೋದು. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ದೇಶದ ಎಷ್ಟೋ ಸರಕಿನ ಮೇಲೆ ಶೇ. 50ರ ಹೆಚ್ಚುವರಿ ಸುಂಕ ಹಾಕಿತು. ಬಟ್ಟೆಯೂ ಅದರಲ್ಲಿತ್ತು. ಅಮೆರಿಕ ಒಂದನ್ನೇ ನಂಬಿದವರ ಕಥೆ ಏನಾಗಿರಬಹುದು ಯೋಚಿಸಿ. ಇತ್ತ ಯುಎಇ ಜೊತೆ ನಮ್ಮ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಒಪ್ಪಂದದ ರಿಯಾಯಿತಿ ಬೇಕಾದರೆ ಸರಕು ಭಾರತದ್ದೇ ಅನ್ನೋ ಮೂಲ ಪ್ರಮಾಣಪತ್ರ ಇರಬೇಕು. ದೊಡ್ಡ ಮಾರುಕಟ್ಟೆಯೋ, ಹತ್ತಿರದ ಮಾರುಕಟ್ಟೆಯೋ, ಎರಡೂ ಕಡೆ ಪಾಲು ಹಂಚೋದೋ? ಇದಕ್ಕೆ ಒಂದೇ ಸರಿ ಉತ್ತರ ಇಲ್ಲ. ನಿಮ್ಮ ಉತ್ತರಕ್ಕೆ ಲೆಕ್ಕದ ಆಧಾರ ಇರಬೇಕು, ಅಷ್ಟೇ.

ಕೊಳ್ಳುವ ದೇಶದ ಕಾನೂನನ್ನು ಕೊನೆಗೆ ನೋಡೋಣ ಅಂತ ಬಿಡಬೇಡಿ. 2010ರಲ್ಲಿ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕಾರ ಆಯ್ತು. ಹಣ್ಣಿನಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಅನ್ನೋ ರಾಸಾಯನಿಕದ ಉಳಿಕೆ ಅಲ್ಲಿನ ಮಿತಿಗಿಂತ ಜಾಸ್ತಿ ಇತ್ತು. ರೈತರು ದುಡಿದಿದ್ದರು, ಹಣ್ಣು ನೋಡೋಕೆ ಚೆನ್ನಾಗಿತ್ತು, ಆದರೂ ಏಟು ಬಿತ್ತು. ಸಿಂಪಡಣೆಗೆ ಮುಂಚೆಯೇ ನೋಡಬೇಕಾದ ನಿಯಮ ಅದು.

ಈಗ ಇದನ್ನ ಆಟ ಮಾಡಿ. ನಾಲ್ಕು ಜನ ಕೂತ್ಕೊಳ್ಳಿ. ಒಬ್ಬರು ಮಾರುವವರು, ಒಬ್ಬರು ದುಬೈಯ ಕೊಳ್ಳುವವರು, ಒಬ್ಬರು ಬ್ಯಾಂಕು, ಒಬ್ಬರು ಕಸ್ಟಮ್ಸ್. ಚೌಕಾಸಿ ಮಾಡಿ, ಒಪ್ಪಂದ ಬರೆಯಿರಿ. ನಡುವೆ ಒಂದು ಚೀಟಿ ಎತ್ತಿ: "ಹಡಗು 20 ದಿನ ತಡ", "ಡಾಲರ್ 75", "ಸುಂಕ ಏರಿತು". ಯಾರ ಲೆಕ್ಕ ನಿಲ್ಲುತ್ತೆ, ಯಾರದ್ದು ಬೀಳುತ್ತೆ ನೋಡಿ. ನಂತರ ಜಾಗ ಬದಲಿಸಿ ಆಡಿ. ಕೊಳ್ಳುವವರ ಕುರ್ಚಿಯಲ್ಲಿ ಕೂತಾಗ ಅವರ ಹೆದರಿಕೆ ಏನು ಅಂತ ಗೊತ್ತಾಗುತ್ತೆ.

ಈ ಆಟದಲ್ಲಿ ನಮಗೆ ಒಂದು ಅನುಕೂಲ ಇದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ತೆಲುಗು, ತಮಿಳು ಅಥವಾ ಮಲಯಾಳ. ಎದುರಿನವರ ಭಾಷೆಯಲ್ಲಿ ವ್ಯವಹಾರ ಮಾಡೋದು, ಅವರ ಮುಖ ನೋಡಿ ಬೆಲೆ ಹೇಳೋದು ನಮಗೆ ಚಿಕ್ಕಂದಿನಿಂದ ಬಂದಿದೆ. ಅದನ್ನ ಕೊರತೆ ಅಂದುಕೊಳ್ಳಬೇಡಿ, ಬಂಡವಾಳ ಅಂದುಕೊಳ್ಳಿ.

ಕಾಗದದ ಲೆಕ್ಕ ನಿಂತಿತು ಅಂದ ಮೇಲೆ ಒಂದು ಚಿಕ್ಕ ನಿಜವಾದ ಪಾರ್ಸಲ್ ಕಳಿಸಿ. ಅದಕ್ಕೆ ಐಇಸಿ ಅನ್ನೋ ರಫ್ತು ನೋಂದಣಿ ಬೇಕು. ಡಿಜಿಎಫ್‌ಟಿಯಲ್ಲಿ ಆನ್‌ಲೈನ್ ಅರ್ಜಿ, ಶುಲ್ಕ 500 ರೂಪಾಯಿ, ಪ್ಯಾನ್ ನಂಬರೇ ಆ ಕೋಡ್ ಆಗುತ್ತೆ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳ ಮೂಲಕ ಕಸ್ಟಮ್ಸ್ ಕಾಗದಪತ್ರ ಮುಗಿಸಿ ಪಾರ್ಸಲ್ ಕಳಿಸಬಹುದು. ಹತ್ತು ಟವೆಲ್ಲು ಸಾಕು. ಲಾಭ ಬರಲಿಕ್ಕಿಲ್ಲ, ಆದರೆ ಫಾರ್ಮ್ ತುಂಬೋದರಿಂದ ಖಾತೆಗೆ ದುಡ್ಡು ಬೀಳುವ ತನಕದ ದಾರಿ ಪೂರ್ತಿ ಗೊತ್ತಾಗುತ್ತೆ.

ಮುಂದಿನ ಭಾನುವಾರದೊಳಗೆ ಪ್ರತಿಯೊಬ್ಬರೂ ನಿಮ್ಮ ತಾಲೂಕಿನ ಒಂದು ಸರಕು ಆರಿಸಿ, ಅದರ ಕೋಡ್ ಹುಡುಕಿ, ಎರಡು ದೇಶ ಹೋಲಿಸಿ ಒಂದು ಹಾಳೆ ಲೆಕ್ಕ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಒಬ್ಬರ ಲೆಕ್ಕವನ್ನ ಇನ್ನೊಬ್ಬರು ತಿದ್ದೋಣ.