ಕ್ಯಾಂಪಿನ ಆಯಿ

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

‘ಮನೆಯಲ್ಲಿ ಶರಣ ಸಂಸ್ಕೃತಿ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆ. ನಾನು ವಿದ್ವಾಂಸನಲ್ಲ. ಮೂವತ್ತೇಳು ವರ್ಷ ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಗೇಟು ಎಂದು ತಿರುಗಿದವನು. ವಚನಗಳ ಬಗ್ಗೆ ನನಗಿಂತ ಬಲ್ಲವರು ಈ ಸಭೆಯಲ್ಲಿ ಬಹಳ ಜನ ಇದ್ದಾರೆ. ಆದರೆ ನನ್ನ ಆಯಿಯ ಬಗ್ಗೆ ನನಗಿಂತ ಹೆಚ್ಚು ಬಲ್ಲವರು ಈಗ ಯಾರೂ ಉಳಿದಿಲ್ಲ. ಅದಕ್ಕಾಗಿ ಆಕೆಯ ಬಗ್ಗೆಯೇ ಮಾತನಾಡುತ್ತೇನೆ. ಅದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಆಯಿಯ ತವರು ಖಾನಾಪುರ ತಾಲ್ಲೂಕಿನ ಪೂರ್ವಭಾಗ, ಪಾರಿಶ್ವಾಡದ ಕಡೆ. ಖಾನಾಪುರ ಎಂದರೆ ಕಾಡು, ಮಳೆ, ಕಣಕುಂಬಿ ಎಂದಷ್ಟೇ ತಿಳಿದವರಿದ್ದಾರೆ. ಪೂರ್ವಕ್ಕೆ ಬಂದರೆ ಅದು ಎರೆಮಣ್ಣಿನ, ಜೋಳದ, ಶರಣರು ನಡೆದುಹೋದ ನೆಲ. ಕಲ್ಯಾಣದಿಂದ ಉಳವಿಗೆ ಹೊರಟ ಶರಣರ ದಾರಿ ಅಲ್ಲಿಯೇ ಹಾಯುತ್ತದೆ. ಡೋಹರ ಕಕ್ಕಯ್ಯನವರು ಐಕ್ಯರಾದ ಕಕ್ಕೇರಿ ಅದೇ ತಾಲ್ಲೂಕಿನಲ್ಲಿದೆ. ಗಂಗಾಂಬಿಕೆ ತಾಯಿ ಐಕ್ಯಳಾದ ಎಂ.ಕೆ. ಹುಬ್ಬಳ್ಳಿ ಅಲ್ಲಿಂದ ಬಹಳ ದೂರವಲ್ಲ. ಭಾರತ ಹುಣ್ಣಿಮೆ ಹತ್ತಿರ ಬಂದರೆ ಉಳವಿ ಜಾತ್ರೆಗೆ ಚಕ್ಕಡಿಗಳು ಸಾಲಾಗಿ ಹೊರಡುತ್ತಿದ್ದವು. ಆಯಿ ಸಣ್ಣವಳಿದ್ದಾಗ ಹಾಗೆ ಹೋಗಿದ್ದಳಂತೆ. ಎತ್ತಿನ ಕೊರಳ ಗೆಜ್ಜೆಸಪ್ಪಳ, ಕಾಡಿನ ಚಳಿ, ಬುತ್ತಿಯ ರೊಟ್ಟಿ, ಇವನ್ನು ಎಪ್ಪತ್ತು ದಾಟಿದ ಮೇಲೂ ನಿನ್ನೆಯದು ಎಂಬಂತೆ ಹೇಳುತ್ತಿದ್ದಳು.

ಹುಟ್ಟಿದ ವರ್ಷ ಆಕೆಗೇ ಗೊತ್ತಿರಲಿಲ್ಲ. ‘ಗಾಂಧಿ ಬೆಳಗಾವಿಗೆ ಬಂದಾಗ ನನ್ನ ಲಗ್ನ ಆಗಿತ್ತು’ ಎನ್ನುತ್ತಿದ್ದಳು. ಅದು 1924ರ ಕಾಂಗ್ರೆಸ್ ಅಧಿವೇಶನ. ಅಜ್ಜ ಬೆಳಗಾವಿಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದರು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾದದ್ದು ನಮ್ಮ ಬೆಳಗಾವಿಯಲ್ಲೇ, 1923ರಲ್ಲಿ. ಆ ಪುಸ್ತಕದ ಒಂದು ಪ್ರತಿ ಅಜ್ಜನ ಗಲ್ಲೆಯ ಪಕ್ಕದಲ್ಲಿ ಇರುತ್ತಿತ್ತಂತೆ. ಅಜ್ಜ 1941ರಲ್ಲಿ ತೀರಿಕೊಂಡರು. ಆಯಿಗೆ ಆಗ ಮೂವತ್ತೂ ಚಿಲ್ಲರೆ. ಬಂದ ಹೆಂಗಸರು ಆಕೆಯ ಬಳೆ ಒಡೆದರು, ಕುಂಕುಮ ಅಳಿಸಿದರು. ಆಕೆ ಏನೂ ಅನ್ನಲಿಲ್ಲ. ಆಮೇಲೆ ಅಕ್ಷರ ಕಲಿತಳು, ನನ್ನ ಅಪ್ಪನ ಪಾಟಿಯ ಮೇಲೆ, ಅವನ ಜೊತೆಗೇ. ಅಜ್ಜನ ಪುಸ್ತಕ ಓದಲಿಕ್ಕೆ ಆಕೆಗೆ ಆರು ವರ್ಷ ಹಿಡಿಯಿತು.

ನಾನು ಕಂಡ ಆಯಿ ಕ್ಯಾಂಪಿನವಳು. ಅಪ್ಪ ಕ್ಯಾಂಪಿನ ಕಚೇರಿಯೊಂದರಲ್ಲಿ ಗುಮಾಸ್ತರು. ಖಾನಾಪುರದ ಹಂಚು ಹೊದಿಸಿದ ಬಾಡಿಗೆ ಮನೆ. ಎಡಕ್ಕೆ ಗೋವೆಯ ಕ್ರಿಶ್ಚಿಯನ್ ನರ್ಸಬಾಯಿ, ಬಲಕ್ಕೆ ಮುಸಲ್ಮಾನ ದರ್ಜಿ, ಎದುರಿಗೆ ಮರಾಠಾ ರೆಜಿಮೆಂಟಿನ ಸಿಪಾಯಿಯ ಸಂಸಾರ. ಗಾಳಿ ತಿರುಗಿದರೆ ಮೀನು ಮಾರ್ಕೆಟ್ಟಿನ ವಾಸನೆ. ಊರಿನಿಂದ ಬಂದ ಬೀಗರು ಮೂಗು ಮುಚ್ಚಿಕೊಂಡು, ‘ಇಂಥಲ್ಲಿ ಲಿಂಗಪೂಜಾ ಹೆಂಗ ಮಾಡ್ತೀರಿ?’ ಎಂದು ಕೇಳಿದ್ದರು. ಆಯಿ ಹೇಳಿದ್ದು: ‘ಅಂಗೈಯಾಗ ಮಾಡ್ತೀನ್ರಿ.’

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸ್ನಾನ, ವಿಭೂತಿ. ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡು ಕುಳಿತರೆ ಅರ್ಧ ತಾಸು ಆಕೆ ನಮ್ಮವಳಲ್ಲ. ಎದ್ದ ಮೇಲೆ ಮೊದಲ ರೊಟ್ಟಿ ಬಡಿಯುವ ಸಪ್ಪಳಕ್ಕೆ ನಮಗೆ ಎಚ್ಚರವಾಗುತ್ತಿತ್ತು. ರವಿವಾರ ನಾಗನೂರು ರುದ್ರಾಕ್ಷಿಮಠದ ಪ್ರಸಾದನಿಲಯದ ಇಬ್ಬರು ಹುಡುಗರು ಊಟಕ್ಕೆ ಬರುತ್ತಿದ್ದರು. ಶಿವಬಸವ ಮಹಾಸ್ವಾಮಿಗಳು ಅಷ್ಟು ಮಕ್ಕಳಿಗೆ ದಿನಾ ಉಣ್ಣಿಸುವಾಗ ವಾರಕ್ಕೊಮ್ಮೆ ಇಬ್ಬರು ನಮಗೇನು ಭಾರ ಎಂಬುದು ಆಕೆಯ ಲೆಕ್ಕ. ಅವರ ಜಾತಿ ಯಾವುದೆಂದು ನಮಗೆ ಇಂದಿಗೂ ತಿಳಿಯದು. ಒಂದು ಸಲ ನಾನು ಕೇಳಲು ಹೋಗಿ ತಲೆಯ ಮೇಲೆ ಮೊಟಕಿಸಿಕೊಂಡೆ.

ಈಗ ನಿಜವಾದ ಮಾತಿಗೆ ಬರುತ್ತೇನೆ.

1971ರ ನವೆಂಬರಿನಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ನನಗೆ ಹನ್ನೆರಡು, ಅವ್ವನಿಗೆ ಮೂವತ್ತಮೂರು. ಮಣ್ಣಿನ ಕ್ರಿಯೆ ಮುಗಿದ ಮೇಲೆ ಸಂಬಂಧಿಕ ಹೆಂಗಸರು ಅವ್ವನನ್ನು ನಡುಮನೆಯಲ್ಲಿ ಕೂಡಿಸಿದರು. ದೊಡ್ಡವರೊಬ್ಬರು ಅವ್ವನ ಕೈ ಹಿಡಿದರು. ಒಳಗಿದ್ದ ಆಯಿ ಹೊರಗೆ ಬಂದಳು. ಹೆತ್ತ ಮಗನನ್ನು ಅದೇ ದಿನ ಮಣ್ಣಿಗಿಟ್ಟವಳು ಆಕೆ, ನೆನಪಿರಲಿ. ದನಿ ಏರಿಸಲಿಲ್ಲ.

‘ಆಕಿ ಕೊರಳಾಗ ಲಿಂಗ ಐತಿ. ಅದನ್ನ ತಗೀತೀರೇನು?’

‘ಅದನ್ನ ಹೆಂಗ ತಗಿಯಾಕ ಬರತೈತ್ರಿ ಯಕ್ಕಾ?’

‘ಹಂಗಾರ ಬಳಿನೂ ಇರಲಿ. ಲಿಂಗ ಇದ್ದಾಕಿಗೆ ಮೈಲಿಗಿ ಇಲ್ಲ, ಅಪಶಕುನ ಇಲ್ಲ.’

‘ನಿಮ್ಮವು ಒಡದಿರಲಿಲ್ಲೇನು?’ ಎಂದು ಯಾರೋ ಕೇಳಿದರು. ಆ ಪ್ರಶ್ನೆ ನನ್ನ ಕಿವಿಯಲ್ಲಿ ಇನ್ನೂ ಇದೆ.

‘ಒಡದಿದ್ರು. ಆವಾಗ ನನಗ ಓದಾಕ ಬರತಿರಲಿಲ್ಲ’ ಎಂದಳು.

ಪಂಚಸೂತಕಗಳನ್ನು ಶರಣರು ನಿರಾಕರಿಸಿದರೆಂದು ನಾವು ಪ್ರತಿ ವೇದಿಕೆಯಲ್ಲೂ ಹೇಳುತ್ತೇವೆ. ಜಾತಿ, ಜನನ, ಮರಣ, ಉಚ್ಛಿಷ್ಟ, ರಜಸ್ಸು ಎಂದು ಬೆರಳು ಮಡಚಿ ಎಣಿಸುತ್ತೇವೆ. ಅಂದು ಆಯಿ ಎಣಿಸಲಿಲ್ಲ. ಹಸಿರು ಬಳೆ ತುಂಬಿದ ಸೊಸೆಯ ಕೈ ಹಿಡಿದುಕೊಂಡು ರಾತ್ರಿಯೆಲ್ಲ ಪಕ್ಕದಲ್ಲೇ ಕುಳಿತಳು. ಕೆಲವು ಬೀಗರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಒಂದು ಮನೆಯವರು ಹದಿಮೂರು ವರ್ಷ ಬರಲಿಲ್ಲ.

ಮರುತಿಂಗಳು ಯುದ್ಧ ಶುರುವಾಯಿತು. ಕ್ಯಾಂಪಿನಲ್ಲಿ ರಾತ್ರಿ ದೀಪ ಆರಿಸುತ್ತಿದ್ದರು. ತಾರಿನವ ಯಾವ ಬಾಗಿಲಿಗೆ ಬರುತ್ತಾನೋ ಎಂದು ಓಣಿಯೆಲ್ಲ ಕಿವಿಯಾಗಿರುತ್ತಿತ್ತು. ಅವನು ಎದುರುಮನೆಗೆ ಬಂದ. ಆ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಆಯಿಗೆ ಮರಾಠಿ ಅಷ್ಟಕ್ಕಷ್ಟೇ. ಅಲ್ಲಿ ಹೋಗಿ ಅದೇ ಮಾತು ಹೇಳಿದಳು. ಅವರ ಹಿರಿಯರು ಕೇಳಲಿಲ್ಲ, ಕೇಳಬೇಕೆಂದೇನೂ ಇರಲಿಲ್ಲ. ಬಳೆ ಒಡೆಯುವ ಸಪ್ಪಳ ನಮ್ಮ ಮನೆಗೆ ಕೇಳಿಸಿತು. ಆಯಿ ತಿರುಗಿ ಬಂದು, ‘ನನಗ ಅಲ್ಲಿ ಮಾತಾಡಾಕ ಬರಲಿಲ್ಲೋ ತಮ್ಮಾ’ ಎಂದು ಅತ್ತಳು. ಮಗ ಹೋದಾಗ ನಮ್ಮ ಎದುರಿಗೆ ಅತ್ತಿರಲಿಲ್ಲ.

ಅವ್ವ ಹೊಲಿಗೆ ಕಲಿತು ದರ್ಜಿ ಕಾಕಾನ ಕಡೆಯಿಂದ ಕೆಲಸ ತಂದು ಸಂಸಾರ ನಡೆಸಿದಳು. ಆಯಿ ಹಪ್ಪಳ, ಶಾವಿಗೆ ಮಾಡಿ ಮಾರಿದಳು. ನಾನು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ 1982ರಲ್ಲಿ ಇಲಾಖೆ ಸೇರಿದೆ. ಮೊದಲ ವರ್ಷವೇ ಗುತ್ತಿಗೆದಾರರೊಬ್ಬರು ಮನೆಗೆ ಆಪೂಸ್ ಮಾವಿನ ಪೆಟ್ಟಿಗೆ ಕಳಿಸಿದರು. ಆಯಿ ಪೆಟ್ಟಿಗೆ ಮುಟ್ಟಲಿಲ್ಲ. ‘ಮಾರಯ್ಯ ಹೆಚ್ಚಿಗಿ ಅಕ್ಕಿ ತಂದಾಗ ಲಕ್ಕಮ್ಮ ಏನ್ ಮಾಡಿದ್ಲು?’ ಎಂದು ಕೇಳಿದಳು. ಆ ಬಿಸಿಲಲ್ಲಿ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿ ಒಯ್ದು ಕೊಟ್ಟು ಬಂದೆ. ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಹಣ್ಣು ಬಹಳ ಚೆನ್ನಾಗಿದ್ದವು. ಮುಂದೆ ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಮಾವಿನಹಣ್ಣಿಗಿಂತ ದೊಡ್ಡವು ಬಂದಾಗ ಆ ಸೈಕಲ್ಲು ನೆನಪಾಗುತ್ತಿತ್ತು.

ಆಕೆಯನ್ನು ಒಮ್ಮೆ ಎಂ.ಕೆ. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆ. ಮಲಪ್ರಭೆಯ ಪಾತ್ರದಲ್ಲಿರುವ ಗಂಗಾಂಬಿಕೆಯ ಐಕ್ಯಸ್ಥಳದ ಮುಂದೆ ಬಹಳ ಹೊತ್ತು ಕುಳಿತಳು. ಬರುವಾಗ ಬಸ್ಸಿನಲ್ಲಿ, ‘ಈ ತಾಯಿ ವಚನದ ಕಟ್ಟು ಉಳಿಸಾಕ ಇಷ್ಟು ದೂರ ಬಂದ್ಲು. ಆಕಿಗೆ ಯಾರರ ಮುತ್ತೈದಿ ಹೌದೋ ಅಲ್ಲೋ ಅಂತ ಕೇಳಿದ್ರೇನು?’ ಎಂದಳು. 1986ರಲ್ಲಿ ಆಯಿ ಲಿಂಗೈಕ್ಯಳಾದಳು.

ಇನ್ನು ನನ್ನ ತಪ್ಪು. 2014ರಲ್ಲಿ ನನ್ನ ಮಗಳ ಮದುವೆ. ಮದುವೆ ಪತ್ರಿಕೆಯ ಮೇಲೆ ಬಸವಣ್ಣನವರ ಭಾವಚಿತ್ರ, ಮುಹೂರ್ತ ನೋಡಿಸಿರಲಿಲ್ಲ, ಎಲ್ಲ ಸರಿ. ಅರಿಷಿಣ ಹಚ್ಚುವ ಹೊತ್ತಿಗೆ ‘ಮುತ್ತೈದೆಯರು ಐದು ಮಂದಿ ಬರ್ರಿ’ ಎಂದು ಕರೆದರು. ಅವ್ವ ಎದ್ದಳು. ನಲವತ್ತಮೂರು ವರ್ಷ ನಮ್ಮ ಮನೆಯ ಎಲ್ಲ ಕಾರ್ಯಗಳಲ್ಲಿ ಎದ್ದಂತೆಯೇ ಎದ್ದಳು. ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ಕೈ ಅಡ್ಡ ಹಿಡಿದು, ‘ನೀವು ಕೂಡ್ರಿ, ಅಮ್ಮಾರ’ ಎಂದರು. ಮೆತ್ತಗೆ, ಮರ್ಯಾದೆಯಿಂದಲೇ ಅಂದರು. ಎಲ್ಲರೂ ನನ್ನನ್ನು ನೋಡಿದರು. ನಾನು ಅಡಿಗೆಯವನ ಚೀಟಿ ನೋಡುತ್ತ ನಿಂತೆ. ಆ ಚೀಟಿಯಲ್ಲಿ ಓದುವಂಥದ್ದು ಏನೂ ಇರಲಿಲ್ಲ.

ಅವ್ವ ಉಗ್ರಾಣದ ಕೋಣೆಗೆ ಹೋಗಿ ತೆಂಗಿನಕಾಯಿ ಎಣಿಸುತ್ತ ಕುಳಿತಳು. ರಾತ್ರಿ ನಾನು ಕಾಲ ಬಳಿ ಕುಳಿತು ಏನೋ ಹೇಳಲು ಹೋದೆ. ‘ಇರಲಿ ಬಿಡೋ, ಹೆಣ್ಣು ಕೊಟ್ಟ ಮನಿ. ಆಯಿ ಇದ್ದಿದ್ರ...’ ಎಂದು ಅಷ್ಟಕ್ಕೇ ನಿಲ್ಲಿಸಿದಳು.

ನನಗೆ ಓದಲು ಬರುತ್ತಿತ್ತು. ಆಯಿಗಿದ್ದ ನೆಪ ನನಗಿರಲಿಲ್ಲ. ಬಸವ ಜಯಂತಿಯಂದು ಅಕ್ಕನ ಬಗ್ಗೆ, ನೀಲಾಂಬಿಕೆಯ ಬಗ್ಗೆ ತಾಸುಗಟ್ಟಲೆ ಮಾತನಾಡಿದವನು ನಾನು. ಇಲ್ಲಿ ಕುಳಿತ ಗಂಡಸರಲ್ಲಿ ನನ್ನ ಹಾಗೆ ಚೀಟಿ ನೋಡಿದವರು ಇನ್ನೂ ಇರಬಹುದು. ಮುಂದಿನ ತಿಂಗಳು ಮದುವೆಯ ಸೀಜನ್ ಇದೆ, ಅದಕ್ಕಾಗಿ ಹೇಳುತ್ತಿದ್ದೇನೆ.

2019ರಲ್ಲಿ ಅವ್ವ ಲಿಂಗೈಕ್ಯಳಾದಳು. ವಿಭೂತಿ ಧರಿಸಿ ಕೂಡಿಸಿದ್ದೆವು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಲು ಬಳೆ ತೆಗೆಸಿದ್ದರು, ಕೈ ಬರಿದಾಗಿದ್ದವು. ನನ್ನ ಮಗಳು ಯಾರನ್ನೂ ಕೇಳದೆ ಪೇಟೆಗೆ ಹೋಗಿ ಹಸಿರು ಬಳೆ ತಂದಳು. ಅವ್ವನ ಕೈ ಬಹಳ ಸಣ್ಣಾಗಿದ್ದವು, ಬಳೆ ಜಾರಿ ಬೀಳುತ್ತಿದ್ದವು. ಚಿಕ್ಕ ಅಳತೆಯವನ್ನು ತರಲು ಮತ್ತೊಮ್ಮೆ ಹೋದಳು. ಹೊತ್ತಾಗುತ್ತದೆ ಎಂದು ಒಂದಿಬ್ಬರು ಗೊಣಗಿದರು. ಬೀಗರೂ ಬಂದಿದ್ದರು. ಈ ಸಲ ನಾನು ಎದ್ದು ನಿಂತು, ‘ಕಾಯ್ರಿ’ ಎಂದೆ. ಎಲ್ಲರೂ ಮುಕ್ಕಾಲು ತಾಸು ಕಾದರು.