ಮೂರು ದಿನ ನಡೆದೆವು



ನಾವು ನಾಲ್ಕು ಜನ ಹೆಂಗಸರು. ಹುಟ್ಟಿ ಬೆಳೆದದ್ದು ಕರ್ನಾಟಕದಲ್ಲಿ. ಈಗ ಇರುವುದು ಅಮೆರಿಕದ ಸ್ಯಾನ್ ಡಿಯಾಗೋ ಎಂಬ ಊರಿನಲ್ಲಿ. ಅದು ಕ್ಯಾಲಿಫೋರ್ನಿಯಾ ರಾಜ್ಯದ ದಕ್ಷಿಣದ ತುದಿ. ಪಕ್ಕದಲ್ಲೇ ಸಮುದ್ರ. ರಜೆಗೆ ಊರಿಗೆ ಬಂದಿದ್ದೇವೆ. "ನಮ್ಮ ಕಲಿಕಾ ಕೇಂದ್ರಕ್ಕೆ ಬಂದು ನಾಲ್ಕು ಮಾತಾಡಿ" ಅಂತ ಒಬ್ಬ ಅಜ್ಜಿ ಕರೆದರು. ಆ ಅಜ್ಜಿ ಯಾರು ಅಂತ ಆಮೇಲೆ ಹೇಳ್ತೇವೆ.

2019ರ ನವೆಂಬರಿನಲ್ಲಿ ನಾವು ಮೂರು ದಿನ ನಡೆದೆವು. ದಿನಕ್ಕೆ 20 ಮೈಲಿ, ಒಟ್ಟು 60 ಮೈಲಿ. ಅಂದರೆ ಸುಮಾರು 96 ಕಿಲೋಮೀಟರ್. ಬೆಂಗಳೂರಿನಿಂದ ಮಂಡ್ಯಕ್ಕೆ ಹತ್ತಿರ ಹತ್ತಿರ ಅಷ್ಟು ದೂರ.

"ಇದೇನು ಮಹಾ?" ಅಂತ ನೀವು ಕೇಳಬಹುದು. ಶಿವರಾತ್ರಿಗೆ ಧರ್ಮಸ್ಥಳದವರೆಗೆ ನಡೆದು ಹೋಗುವವರು ನಿಮ್ಮಲ್ಲೇ ಇರಬಹುದು. ನೀರಿಗೆ, ಸೌದೆಗೆ, ಹೊಲಕ್ಕೆ ನೀವು ನಡೆದ ದೂರವನ್ನು ಯಾರೂ ಅಳೆದಿಲ್ಲ. ನಮ್ಮ ಕಥೆ ಬೇರೆ. ನಾವು ಒಂದು ಕಟ್ಟು ಕೊತ್ತಂಬರಿ ತರಲೂ ಕಾರು ಹತ್ತುವವರು. ನಮಗೆ 96 ಕಿಲೋಮೀಟರ್ ದೊಡ್ಡದೇ.

ಈ ನಡಿಗೆ ಹರಕೆಯದಲ್ಲ. ಸ್ತನ ಕ್ಯಾನ್ಸರ್ ಎಂಬ ರೋಗದ ವಿರುದ್ಧ ಹಣ ಕೂಡಿಸುವ ನಡಿಗೆ. ಹೌದು, ಸ್ತನ. ಈಗ ಆ ಮಾತನ್ನು ಗಟ್ಟಿಯಾಗಿ ಹೇಳಿದೆವು. ಆಗ ನಮಗೆ ಹೇಳಲು ಬರುತ್ತಿರಲಿಲ್ಲ. ಇವತ್ತು ನಾವು ಹೇಳಬೇಕಾದ್ದು ಮುಖ್ಯವಾಗಿ ಅದನ್ನೇ.

ಅಮೆರಿಕದವರೂ ಹಿಂದೆ ಹೀಗೇ ಇದ್ದರು. ಆ ರೋಗದ ಹೆಸರನ್ನು ನಾಲ್ಕು ಜನರ ಮುಂದೆ ಹೇಳುತ್ತಿರಲಿಲ್ಲ. 1974ರಲ್ಲಿ ಅಲ್ಲಿನ ಅಧ್ಯಕ್ಷರ ಹೆಂಡತಿ ಬೆಟ್ಟಿ ಫೋರ್ಡ್ ಅವರಿಗೆ ಈ ರೋಗ ಬಂತು. ಆಪರೇಷನ್ ಆಯಿತು. ಅವರು ಮುಚ್ಚಿಡಲಿಲ್ಲ. ಎಲ್ಲರಿಗೂ ತಿಳಿಸಿದರು. ಅದನ್ನು ಕೇಳಿ ಎಷ್ಟೋ ಹೆಂಗಸರು ಧೈರ್ಯ ಮಾಡಿ ಪರೀಕ್ಷೆಗೆ ಹೋದರು.

ಸೂಸನ್ ಕೋಮೆನ್ ಎಂಬ ಹೆಣ್ಣುಮಗಳು 1980ರಲ್ಲಿ ಇದೇ ರೋಗದಿಂದ ತೀರಿಕೊಂಡಳು. ಆಗ ಅವಳಿಗೆ 36 ವರ್ಷ. ಅವಳ ತಂಗಿ ನ್ಯಾನ್ಸಿ ಬ್ರಿಂಕರ್ ಅಕ್ಕನ ಹೆಸರಿನಲ್ಲಿ 1982ರಲ್ಲಿ ಒಂದು ಸಂಸ್ಥೆ ಕಟ್ಟಿದಳು. ಶುರುವಿನಲ್ಲಿ ಅವಳ ಕೈಯಲ್ಲಿದ್ದದ್ದು 200 ಡಾಲರ್ ಮತ್ತು ಒಂದು ಬೂಟಿನ ಡಬ್ಬಿ. ಡಬ್ಬಿಯಲ್ಲಿ ಏನಿತ್ತು? ಹಣ ಕೊಡಬಹುದಾದ ಜನರ ಹೆಸರು ಬರೆದ ಚೀಟಿಗಳು! ಮೂರು ದಿನದ ನಡಿಗೆಯನ್ನು ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಬೇರೆಯವರು ಶುರು ಮಾಡಿದರು. ಕೆಲವು ವರ್ಷದ ಮೇಲೆ ಅದು ಕೋಮೆನ್ ಸಂಸ್ಥೆಗೆ ಬಂತು.

ನಾವು ಯಾಕೆ ಸೇರಿದೆವು? ಮೊದಲು ನಾವು ಐದು ಜನ ಗೆಳತಿಯರಿದ್ದೆವು. ಐದನೆಯವಳು 2017ರಲ್ಲಿ ತೀರಿಕೊಂಡಳು. ಅವಳಿಗೆ ಇದ್ದದ್ದು ಸ್ತನ ಕ್ಯಾನ್ಸರ್. ಗಂಟು ಕೈಗೆ ಸಿಕ್ಕಿ ಒಂದು ವರ್ಷ ಅವಳು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಲಿಲ್ಲ. ನಮಗೂ ಹೇಳಲಿಲ್ಲ. ಪಕ್ಕದ ಬೀದಿಯಲ್ಲೇ ದೊಡ್ಡ ಆಸ್ಪತ್ರೆ ಇತ್ತು. ಅವಳು ಓದಿದವಳು, ಕೆಲಸಕ್ಕೆ ಹೋಗುವವಳು. ಆದರೂ ಹೇಳಲಿಲ್ಲ. ಗೊತ್ತಾದ ಮೇಲೆ ನಾವು ಮಾಡಿದ್ದೇನು? ಯಾರಾದರೂ ಕೇಳಿದರೆ "ಹೊಟ್ಟೆ ತೊಂದರೆ" ಅಂದೆವು. ಎರಡು ವರ್ಷ ಹಾಗೇ ಅಂದೆವು.

ನಡಿಗೆಗೆ ಹೆಸರು ಕೊಟ್ಟ ಮೇಲೆ ಎರಡು ಕೆಲಸ ನಮ್ಮ ಮೇಲೆ ಬಿತ್ತು. ಒಂದು, ಕಾಲನ್ನು ಪಳಗಿಸುವುದು. ಇನ್ನೊಂದು, ಹಣ ಎತ್ತುವುದು.

ಮೊದಲು ಕಾಲಿನ ಕಥೆ. ಮೇ ತಿಂಗಳಿಂದ 24 ವಾರ ಅಭ್ಯಾಸ ಮಾಡಿದೆವು. ಮೊದಲ ದಿನ ನಡೆದದ್ದು 3 ಮೈಲಿ, ಅಂದರೆ 5 ಕಿಲೋಮೀಟರ್. ಅಷ್ಟಕ್ಕೇ ನಮ್ಮಲ್ಲೊಬ್ಬಳು ಕಲ್ಲಿನ ಮೇಲೆ ಕೂತು ಬಿಟ್ಟಳು. ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿದೆವು. ಅಕ್ಟೋಬರಿನಲ್ಲಿ ಶನಿವಾರ 18 ಮೈಲಿ ನಡೆದು, ಭಾನುವಾರ ಎದ್ದು ಮತ್ತೆ 15 ಮೈಲಿ ನಡೆದೆವು. ದಣಿದ ಕಾಲಿಗೆ ಮಾರನೆಯ ದಿನವೂ ನಡೆಯುವುದನ್ನು ಕಲಿಸಬೇಕಲ್ಲ, ಅದಕ್ಕೆ.

ಬೂಟು ಒಂದು ಅಳತೆ ದೊಡ್ಡದೇ ಬೇಕು. ಹೆಚ್ಚು ನಡೆದರೆ ಪಾದ ಊದಿಕೊಳ್ಳುತ್ತದೆ. ಹತ್ತಿಯ ಕಾಲುಚೀಲ ಒಳ್ಳೆಯದು ಅಂತ ನಾವು ತಿಳಿದಿದ್ದೆವು. ಅದು ತಪ್ಪು. ಹತ್ತಿ ಬೆವರು ಹಿಡಿದು ಒದ್ದೆಯಾಗಿರುತ್ತದೆ. ಒದ್ದೆ ಚರ್ಮ ಉಜ್ಜಿ ಬೊಕ್ಕೆ ಬರುತ್ತದೆ. ಬೆರಳ ಸಂದಿಗೆ ವ್ಯಾಸಲೀನ್ ಹಚ್ಚಲು ಕಲಿತೆವು. ಬಿಸಿಲಲ್ಲಿ ಗಂಟೆಗಟ್ಟಲೆ ನಡೆಯುವಾಗ ಬರೀ ನೀರನ್ನೇ ಕುಡಿಯುತ್ತಾ ಹೋಗುವುದೂ ಅಪಾಯ. ಮೈಯ ಉಪ್ಪು ಬೆವರಲ್ಲಿ ಹೋಗುತ್ತದೆ. ಅಲ್ಲಿನವರು ಬಣ್ಣದ ಪಾನಕ ಕುಡಿಯುತ್ತಾರೆ. ನಾವು ಉಪ್ಪು ಹಾಕಿದ ನೀರು ಮಜ್ಜಿಗೆ ಒಯ್ದೆವು. ಬುತ್ತಿಗೆ ಚಿತ್ರಾನ್ನ. ನಾಲ್ಕು ಜನರಲ್ಲಿ ಒಬ್ಬಳು ಸೋತರೆ ಮೂವರೂ ನಿಧಾನ ಮಾಡಬೇಕು ಅಂತ ಮಾತಾಗಿತ್ತು. ಜಗಳಗಳೂ ಆದವು. ಬೆಳಗ್ಗೆ ಐದು ಗಂಟೆಗೆ ಬರುತ್ತೇನೆ ಅಂದವಳು ಆರಕ್ಕೆ ಬಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ.

ಇನ್ನು ಹಣ. ನಡೆಯುವ ಪ್ರತಿಯೊಬ್ಬಳೂ ಕಡಿಮೆ ಅಂದರೆ 2,300 ಡಾಲರ್ ಕೂಡಿಸಬೇಕಿತ್ತು. ಆಗಿನ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ನಾಲ್ಕು ಜನಕ್ಕೆ 9,200 ಡಾಲರ್. ನಾವು ಗುರುತಿನವರಿಗೆಲ್ಲ ಕಾಗದ ಬರೆದೆವು. "ಮಹಿಳೆಯರ ಆರೋಗ್ಯಕ್ಕಾಗಿ ನಡೆಯುತ್ತಿದ್ದೇವೆ, ಸಹಾಯ ಮಾಡಿ" ಅಂತ ಬರೆದೆವು. ಒಂದು ತಿಂಗಳಾದರೂ 340 ಡಾಲರ್ ದಾಟಲಿಲ್ಲ. ಒಬ್ಬ ಹಿರಿಯರು ಐವತ್ತೊಂದು ಡಾಲರ್ ಕೊಟ್ಟು, "ಯಾವ ದೇವಸ್ಥಾನಕ್ಕಮ್ಮ?" ಅಂತ ಕೇಳಿದರು. ಅದಕ್ಕೂ ನಾವು ಸರಿಯಾಗಿ ಉತ್ತರ ಕೊಡಲಿಲ್ಲ. ತಲೆ ತಗ್ಗಿಸಿ ಬಂದೆವು.

ಆ ರಾತ್ರಿ ನಮ್ಮಲ್ಲಿ ಚಿಕ್ಕವಳು ಬೇರೆ ಕಾಗದ ಬರೆದಳು. "ನಮ್ಮ ಗೆಳತಿ ಸ್ತನ ಕ್ಯಾನ್ಸರಿನಿಂದ ಸತ್ತಳು. ನಾವು ನಿಮಗೆಲ್ಲ ಹೊಟ್ಟೆ ತೊಂದರೆ ಅಂತ ಸುಳ್ಳು ಹೇಳಿದೆವು. ಅವಳಿಗೂ ಹೇಳಿಕೊಳ್ಳಲು ಬಾಯಿ ಬರಲಿಲ್ಲ, ನಮಗೂ ಬರಲಿಲ್ಲ. ಅದಕ್ಕೇ ನಡೆಯುತ್ತಿದ್ದೇವೆ." ಇಷ್ಟೇ. ಕಳಿಸುವ ಮೊದಲು ಅವಳ ಗಂಡ, ಮಕ್ಕಳನ್ನು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಳಿಸಿ" ಅಂದರು.

ಆಮೇಲೆ ಹಣ ಬಂತು. ಐದು, ಹತ್ತು, ನೂರು. ಕೆಲವರ ಕಂಪನಿ ಅವರು ಕೊಟ್ಟಷ್ಟನ್ನೇ ತಾನೂ ಸೇರಿಸಿ ಕೊಟ್ಟಿತು. ಜುಲೈನಲ್ಲಿ ಕನ್ನಡಿಗರೆಲ್ಲ ಪಾರ್ಕಿನಲ್ಲಿ ಸೇರಿದಾಗ ಹೋಳಿಗೆ ಮಾರಿದೆವು. ಎರಡು ರಾತ್ರಿ ಕೂತು 400 ಹೋಳಿಗೆ ಬೇಯಿಸಿದ್ದೆವು. ಒಂದಕ್ಕೆ ಎರಡು ಡಾಲರ್. ಎಲ್ಲಾ ಖಾಲಿ. ನಿಮ್ಮ ಸಂಘದಲ್ಲಿ ಬರೆಯುವ ಹಾಗೆ ಪುಸ್ತಕ ಇಟ್ಟು ಪೈಸೆ ಪೈಸೆ ಬರೆದೆವು. ಒಂದು ಮಾತು ಹೇಳಬೇಕು. ಇಂಥ ನಡಿಗೆಗಳಿಗೆ ಡೇರೆ, ಊಟ, ಗಾಡಿ ಅಂತ ಬಹಳ ಖರ್ಚಾಗುತ್ತದೆ, ಕೂಡಿಸಿದ್ದೆಲ್ಲ ರೋಗಿಗಳಿಗೆ ಮುಟ್ಟುವುದಿಲ್ಲ ಎಂಬ ಟೀಕೆ ಅಲ್ಲಿ ಇದೆ. ಟೀಕೆ ಸುಳ್ಳಲ್ಲ. ಹಣ ಕೊಟ್ಟವರು ಲೆಕ್ಕ ಕೇಳಬೇಕು. ನಾವೂ ಕೇಳಿದೆವು.

ಹೋಳಿಗೆ ಮಾರುವ ಜಾಗದಲ್ಲೇ ಆ ಅಜ್ಜಿ ಸಿಕ್ಕಿದ್ದು. ನಿಮ್ಮ ಊರಿನ ಕಡೆಯವರು. ಮಗನ ಮನೆಗೆ ಮೂರು ತಿಂಗಳಿಗೆ ಬಂದಿದ್ದರು. ನಮ್ಮ ಮೇಜಿನ ಮೇಲೆ ಕನ್ನಡದಲ್ಲಿ ಒಂದು ಹಲಗೆ ಇಟ್ಟಿದ್ದೆವು. ಅಜ್ಜಿ ಅದರ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಸ್ತ-ನ ಕ್ಯಾ-ನ್ಸ-ರ್." 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಅವರು ಓದು ಕಲಿತವರು. ಓದಿ ನಮ್ಮಲ್ಲೊಬ್ಬಳ ಸೆರಗು ಹಿಡಿದು ಮರದ ಕೆಳಗೆ ಕರೆದುಕೊಂಡು ಹೋದರು.

"ನಂಗೂ ಒಂದು ಗಂಟೈತೆ ಕಣವ್ವಾ" ಅಂದರು.

ಯಾರಿಗಾದರೂ ತೋರಿಸಿದ್ದಿರಾ ಅಂತ ಕೇಳಿದೆವು. ಊರಲ್ಲೇ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದರಂತೆ. "ಎದೆಯಾಗೆ ಏನೋ ಐತೆ" ಅಂದರಂತೆ. ಡಾಕ್ಟರು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಡಾಕ್ಟರು ಮುಟ್ಟಿ ನೋಡಲಿಲ್ಲ, ಇವರು ಬಿಡಿಸಿ ಹೇಳಲಿಲ್ಲ. ನಮ್ಮ ಗೆಳತಿಗೂ ಈ ಅಜ್ಜಿಗೂ ಓದಿನಲ್ಲಿ ಎಷ್ಟು ಅಂತರ! ಮಾತು ಸಿಕ್ಕಿಹಾಕಿಕೊಂಡ ಜಾಗ ಮಾತ್ರ ಒಂದೇ.

ನಾವೇ ಮಗನಿಗೆ ಹೇಳಿದೆವು. ಆಗಸ್ಟಿನಲ್ಲಿ ಅಜ್ಜಿ ಬೆಂಗಳೂರಿಗೆ ಬಂದು ಕಿದ್ವಾಯಿ ಆಸ್ಪತ್ರೆಗೆ ಹೋದರು. ಸೂಜಿ ಹಾಕಿ ಗಂಟಿನ ಚೂರು ತೆಗೆದು ನೋಡಿದರು. ಕ್ಯಾನ್ಸರೇ. ಆದರೆ ಗಂಟು ಇನ್ನೂ ಚಿಕ್ಕದು. ಸೆಪ್ಟೆಂಬರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಔಷಧಿ ಕೊಟ್ಟರು. ತಲೆಕೂದಲು ಉದುರಿತು. ಮತ್ತೆ ಬಂತು.

ನೀವು ತಿಳಿಯಬೇಕಾದ್ದನ್ನು ಇಲ್ಲೇ ಹೇಳಿಬಿಡ್ತೇವೆ. ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲ ಅಂತ ಸುಮ್ಮನಿರಬೇಡಿ. ಸ್ತನದಲ್ಲಿ ಅಥವಾ ಕಂಕುಳಲ್ಲಿ ಹೊಸ ಗಂಟು, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಬೀಳುವುದು, ತೊಟ್ಟು ಹೊಸದಾಗಿ ಒಳಕ್ಕೆ ಹೋಗುವುದು, ತೊಟ್ಟಿನಿಂದ ರಕ್ತ ಬರುವುದು, ಇವು ಕಂಡರೆ ತೋರಿಸಬೇಕು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಯಾವುದು ಹೌದು, ಯಾವುದು ಅಲ್ಲ ಅಂತ ಪರೀಕ್ಷೆಯಿಂದ ಗೊತ್ತಾಗುತ್ತದೆ. ಸೊಪ್ಪು ಅರೆದು ಕಟ್ಟಿದರೆ ಗೊತ್ತಾಗುವುದಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಯಾರ ಪಾಪದ ಫಲವೂ ಅಲ್ಲ. 30 ವರ್ಷ ದಾಟಿದ ಹೆಂಗಸರನ್ನು ಪರೀಕ್ಷೆ ಮಾಡುವ ಸರಕಾರದ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಬಿಪಿಎಲ್ ಕಾರ್ಡು ಇದ್ದರೆ ಚಿಕಿತ್ಸೆಗೆ ಆರೋಗ್ಯ ಕರ್ನಾಟಕ ಯೋಜನೆಯ ನೆರವೂ ಇದೆ.

"ಕೈಯಲ್ಲಿ ಮುಟ್ಟಿ ನೋಡಿದರೆ ಏನು ಗೊತ್ತಾದೀತು?" ಅನ್ನುವವರಿದ್ದಾರೆ. ಮುಂಬೈನ ಟಾಟಾ ಆಸ್ಪತ್ರೆಯವರು 1998ರಲ್ಲಿ ಒಂದು ದೊಡ್ಡ ಕೆಲಸ ಶುರು ಮಾಡಿದರು. ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರನ್ನು ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರು. ದೊಡ್ಡ ಯಂತ್ರ ಇಲ್ಲ. 20 ವರ್ಷದ ಲೆಕ್ಕ 2021ರಲ್ಲಿ ಹೊರಬಂತು. ಪರೀಕ್ಷೆ ಮಾಡಿಸಿಕೊಂಡ ಪಾಲಿನಲ್ಲಿ ರೋಗ ಬೇಗ ಸಿಕ್ಕಿತ್ತು. 50 ವರ್ಷ ದಾಟಿದವರಲ್ಲಿ ಈ ರೋಗದ ಸಾವು ನೂರಕ್ಕೆ ಸುಮಾರು 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಸಾವು ಅಷ್ಟು ಇಳಿದಿರಲಿಲ್ಲ.

ಈಗ ನಡಿಗೆಗೆ ಬರೋಣ. ಡೆಲ್ ಮಾರ್ ಎಂಬಲ್ಲಿಂದ ಬೆಳಗಿನ ಜಾವ ಹೊರಟೆವು. ಸಾವಿರಾರು ಜನ. ಎಲ್ಲರ ಮೈಮೇಲೂ ಗುಲಾಬಿ ಬಣ್ಣ. ಮೊದಲ ದಿನವೇ ಟೊರ್ರಿ ಪೈನ್ಸ್ ಎಂಬ ಏರು ಬರುತ್ತದೆ. ಒಂದು ಕಡೆ ಸಮುದ್ರ, ಮುಂದೆ ಬರೀ ಏರು. ಅಲ್ಲಿ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಎರಡು ಮೂರು ಮೈಲಿಗೊಮ್ಮೆ ನೀರು, ಹಣ್ಣು, ಮುಲಾಮು ಇಟ್ಟು ಜನ ಕಾದಿರುತ್ತಾರೆ. ಆಗದವರನ್ನು ಕೂರಿಸಿಕೊಳ್ಳಲು ವ್ಯಾನು ಇರುತ್ತದೆ. ಒಬ್ಬ ಗಂಡಸು ಅಂಗಿಯ ಮೇಲೆ ಹೆಂಗಸರ ಒಳಉಡುಪು ಹಾಕಿಕೊಂಡು ದಾರಿಯಲ್ಲಿ ಕುಣಿಯುತ್ತಿದ್ದ. ನಗಿಸುವುದಕ್ಕೆ ಅಂತೆ. ನಮಗೆ ಅದು ಅಷ್ಟು ಹಿಡಿಸಲಿಲ್ಲ. ರಸ್ತೆಯ ಬದಿಯಲ್ಲಿ ಒಬ್ಬ ಹುಡುಗ ಹಲಗೆ ಹಿಡಿದು ನಿಂತಿದ್ದ. ಅದರಲ್ಲಿ "ನಮ್ಮಮ್ಮನಿಗಾಗಿ ನಡೆಯುತ್ತಿದ್ದೀರಿ, ಥ್ಯಾಂಕ್ಸ್" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಅವನನ್ನು ದಾಟಿ ಸ್ವಲ್ಪ ದೂರ ಹೋದ ಮೇಲೆ ನಾವು ಅತ್ತೆವು.

ರಾತ್ರಿ ಕೊಲ್ಲಿಯ ದಡದಲ್ಲಿ ಗುಲಾಬಿ ಬಣ್ಣದ ಸಣ್ಣ ಸಣ್ಣ ಡೇರೆಗಳು. ಒಂದರಲ್ಲಿ ಇಬ್ಬರು. ಚಳಿ. ಎರಡನೆಯ ದಿನ ನಮ್ಮಲ್ಲಿ ಹಿರಿಯವಳ ಹಿಮ್ಮಡಿಗೆ ರೂಪಾಯಿ ಅಗಲದ ಬೊಕ್ಕೆ ಬಂತು. ಅವಳು ವ್ಯಾನು ಹತ್ತಲ್ಲ ಅಂತ ಹಟ ಮಾಡಿದಳು. ಮೂವರೂ ಬೈದು ನಾಲ್ಕು ಮೈಲಿ ವ್ಯಾನಿನಲ್ಲಿ ಕಳಿಸಿದೆವು. ಹಾಗಾಗಿ ಅವಳದು 56 ಮೈಲಿ, ನಮ್ಮದು 60. ಅವಳೇ ಈ ಮಾತನ್ನು ಸೇರಿಸಬೇಕು ಅಂದಳು.

ಮೂರನೆಯ ದಿನ ಮಧ್ಯಾಹ್ನ ಮುಗಿಯಿತು. ಕೊನೆಗೆ ಒಂದು ಸಭೆ. ಈ ರೋಗ ಬಂದು ಗುಣವಾದ ಹೆಂಗಸರು, ಇನ್ನೂ ಔಷಧಿ ತೆಗೆದುಕೊಳ್ಳುತ್ತಿರುವವರು, ಒಟ್ಟಾಗಿ ನಡೆದು ಬಂದರು. ಆಗ ಸುತ್ತ ನಿಂತ ಜನ ಒಂದೊಂದು ಕಾಲಿನ ಬೂಟು ಬಿಚ್ಚಿ ಮೇಲೆತ್ತಿ ಹಿಡಿದರು. ಅದು ಅಲ್ಲಿನ ಪದ್ಧತಿ. ಅವರಿಗೆ ಗೌರವ ಕೊಡುವುದು ಹಾಗೆ. ನಾವು ಗಾಬರಿಯಾದೆವು. ನಮ್ಮಲ್ಲಿ ಚಪ್ಪಲಿ ಎತ್ತಿದರೆ ಏನರ್ಥ, ನಿಮಗೆ ಗೊತ್ತೇ ಇದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಬಗ್ಗಿ ಬೂಟು ಬಿಚ್ಚಿದೆವು. ಒಳಗೆಲ್ಲ ಮರಳು. ಎತ್ತಿ ಹಿಡಿದೆವು. ಐದನೆಯವಳು ಆ ಸಾಲಿನಲ್ಲಿ ಇರಬೇಕಿತ್ತು.

ಆ ರಾತ್ರಿ ಅಜ್ಜಿಗೆ ಫೋನು ಮಾಡಿ ಎಲ್ಲಾ ಹೇಳಿದೆವು. ಅವರಿಗೆ ಆಗ ಔಷಧಿ ನಡೆಯುತ್ತಿತ್ತು. ದನಿ ಸಣ್ಣಗಿತ್ತು. "ಅಯ್ಯೋ, ಚಪ್ಪಲಿ ಎತ್ತಿದ್ರಾ! ನಾನೇನಾದ್ರೂ ಅಲ್ಲಿದ್ದಿದ್ರೆ ಹೆದರಿ ಓಡಿ ಬರ್ತಿದ್ದೆ" ಅಂತ ನಕ್ಕರು. ಆಮೇಲೆ, "ಆ ಹುಡುಗಿ ಕಾಲಿನ ಬೊಕ್ಕೆ ಒಣಗ್ತೇನ್ರವ್ವಾ?" ಅಂತ ಕೇಳಿದರು.

ಅಜ್ಜಿ ಇವತ್ತು ಇಲ್ಲೇ ಕೂತಿದ್ದಾರೆ, ಕಿಟಕಿಯ ಹತ್ತಿರ. ಕೇಳಬೇಕಾದ್ದು ಇದ್ದರೆ ಅವರನ್ನೇ ಕೇಳಿ. ಅವರು ಈಗ ಬಿಡಿಸಿ ಹೇಳ್ತಾರೆ.